ಸ್ಟ್ರಕ್ಚರ್ ಮೋಟಿಫ್ ಸರ್ಚಲ್ಲಿ ಸೆರಿನ್ 195 ಸಿಗ್ತಾನೇ ಇಲ್ಲ, ಯಾರಾದ್ರೂ ನೋಡ್ತೀರಾ

ಮೂಡಿಗೆರೆ_ಎಂಎಸ್ಸಿ:
ಎಲ್ರಿಗೂ ನಮಸ್ಕಾರ. ಶುಕ್ರವಾರ ನಂದು ಸೆಮಿನಾರ್ ಇದೆ, ಇಲ್ಲಿ ಮಳೆ ಹಿಡ್ಕೊಂಡು ಕರೆಂಟ್ ಹೋಗೋದು ಬರೋದು ಮಾಡ್ತಿದೆ, ಅದಕ್ಕೇ ಇದ್ದಾಗಲೇ ಕೇಳ್ಬಿಡ್ತೀನಿ. ಪಿಡಿಬಿ (ಪ್ರೋಟೀನ್‌ಗಳ ತ್ರೀಡಿ ರಚನೆ ಇಟ್ಟಿರೋ ಡೇಟಾಬೇಸ್) ಸೈಟಲ್ಲಿ ಕೈಮೋಟ್ರಿಪ್ಸಿನ್ ಅನ್ನೋ ಜೀರ್ಣಕಾರಿ ಕಿಣ್ವದ ಆಕ್ಟಿವ್ ಸೈಟ್ (ಕೆಲಸ ನಡೆಯೋ ಜಾಗ) ಕೊಟ್ಟು, ಅದೇ ಥರ ಮೂರು ಅಮೈನೋ ಆಸಿಡ್ ಕೂತಿರೋ ಬೇರೆ ಪ್ರೋಟೀನ್ ಹುಡುಕ್ಬೇಕು. ಪುಸ್ತಕದಲ್ಲಿ ಹಿಸ್ಟಿಡಿನ್ 57, ಆಸ್ಪಾರ್ಟೇಟ್ 102, ಸೆರಿನ್ 195 ಅಂತಿದೆ, ಅಂದ್ರೆ ಸರದಲ್ಲಿ ಎಷ್ಟನೇದು ಅಂತ. 4ಸಿಎಚ್‌ಎ ಅನ್ನೋ ಕೈಮೋಟ್ರಿಪ್ಸಿನ್ ಎಂಟ್ರಿ ತಗೊಂಡು ಎ ಚೈನಲ್ಲಿ (ಅಮೈನೋ ಆಸಿಡ್ ಸರ) ಹಾಕ್ದೆ, ಆ ನಂಬರೇ ಇಲ್ಲ. ಬಿ ಚೈನಲ್ಲಿ 57 ಏನೋ ಇದೆ, ಆದ್ರೆ ಅಲ್ಲಿ ಹಿಸ್ಟಿಡಿನ್ ಬದ್ಲು ಆಸ್ಪಾರ್ಟೇಟ್ ಕೂತಿದೆ, 102ರಲ್ಲಿ ನೋಡಿದ್ರೆ ತ್ರಿಯೊನಿನ್! 195 ಅಂತೂ ಎಲ್ಲೂ ಇಲ್ಲ. ಎರಡು ದಿನದಿಂದ ಇದೇ ಆಗಿದೆ.

ಹಾಸನ_ಲ್ಯಾಬ್:
ನಿಮ್ಮ ನಂಬರ್ ತಪ್ಪಲ್ಲ, ಆದ್ರೆ ಅದು ಹಳೇ ನಂಬರ್. ಜಮೀನು ಪೋಡಿ ಆದ್ಮೇಲೆ ಹಳೇ ಸರ್ವೆ ನಂಬರ್ ಹಿಡ್ಕೊಂಡು ಹೋದ್ರೆ ನಿಮ್ ಭಾಗದ ಪಹಣಿ ಸಿಗುತ್ತಾ, ಹಾಗೇ ಇದು. ಹಸುವಿನ ಮೇದೋಜೀರಕದಲ್ಲಿ ಇದು ಮೊದ್ಲು 245 ಅಮೈನೋ ಆಸಿಡ್ಡಿನ ಒಂದೇ ಉದ್ದ ಸರ, ಕೈಮೋಟ್ರಿಪ್ಸಿನೋಜೆನ್ ಅಂತ, ಆಮೇಲೆ ಅದನ್ನ ಕತ್ತರಿಸಿದಾಗ 14, 15 ಮತ್ತೆ 147, 148 ಉದುರಿ ಹೋಗಿ ಎ, ಬಿ, ಸಿ ಅಂತ ಮೂರು ತುಂಡಾಗುತ್ತೆ, ಡೈಸಲ್ಫೈಡ್ ಬಂಧ ಇರೋದ್ರಿಂದ ತುಂಡುಗಳು ಬಿಟ್ಟು ಹೋಗಲ್ಲ. ಪುಸ್ತಕದವ್ರು ಮೂಲ ಸರದ ನಂಬರನ್ನೇ ಇಟ್ಕೊಂಡಿದಾರೆ. ಸರ್ಚ್ ಮಾತ್ರ ಪ್ರತಿ ಚೈನನ್ನೂ 1ರಿಂದ ಎಣಿಸುತ್ತೆ. ಎ ಚೈನಲ್ಲಿ ಇರೋದೇ 13, ಅಲ್ಲಿ 57 ಎಲ್ಲಿಂದ ಬರ್ಬೇಕು. ಬಿ ಚೈನ್ 16ರಿಂದ ಶುರು, 57ರಲ್ಲಿ 15 ಕಳೀರಿ, 42. 102 ಹೋಗಿ 87. ಸೆರಿನ್ ಇರೋದು ಸಿ ಚೈನಲ್ಲಿ, ಅದು 149ರಿಂದ ಶುರು, ಹಾಗಾಗಿ 195 ಅಂದ್ರೆ 47. ಬಿ 42, ಬಿ 87, ಸಿ 47 ಹಾಕಿ ನೋಡಿ. ನಂಬಿಕೆ ಬರ್ಲಿಲ್ಲ ಅಂದ್ರೆ ತ್ರೀಡಿ ವ್ಯೂನಲ್ಲಿ ಆ ಹಿಸ್ಟಿಡಿನ್ ಮೇಲೆ ಮೌಸ್ ಇಡಿ, 42 ಅಂತ ತೋರ್ಸಿ ಪಕ್ಕದಲ್ಲೇ ಆಥ್ 57 ಅಂತ ಪುಸ್ತಕದ ನಂಬರೂ ಬರುತ್ತೆ. ಆ ಫೈಲಲ್ಲಿ ಎರಡು ಅಣು ಇದೆ, ಒಂದರ ಬಿ ಇನ್ನೊಂದರ ಸೆರಿನ್ ಸೇರಿಸ್ಬೇಡಿ.

ಮೂಡಿಗೆರೆ_ಎಂಎಸ್ಸಿ:
ಬಂತು ಸಾರ್!! ತುಂಬಾ ಥ್ಯಾಂಕ್ಸ್. ಆದ್ರೆ ಪುಟ ಪುಟ ಬರೀ ಟ್ರಿಪ್ಸಿನ್ನು, ಥ್ರಾಂಬಿನ್ನು, ಎಲ್ಲಾ ಇದೇ ಮನೆತನದವು. ನಂಗೆ ಬೇರೆ ಮನೆತನದ ಸಬ್ಟಿಲಿಸಿನ್ ಬೇಕಿತ್ತು. ಜಿಡಿಎಸ್‌ಜಿಜಿ ಅಂತ ಆ ಸೆರಿನ್ ಸುತ್ತಲಿನ ಸೀಕ್ವೆನ್ಸ್ ಪ್ಯಾಟರ್ನ್ (ಒಂದೊಂದು ಅಮೈನೋ ಆಸಿಡ್ಡಿಗೆ ಒಂದೊಂದು ಅಕ್ಷರ) ಹಾಕಿ ಹುಡುಕ್ಲಾ?

ಬೇಲೂರು_ಬಯೋ:
ಬೇಡ ಕಣ್ರೀ, ಅದ್ರಲ್ಲಿ ಸಬ್ಟಿಲಿಸಿನ್ ಸಿಗಲ್ಲ. ಅದರ ಸೆರಿನ್ ಸುತ್ತ ಇರೋದು ಜಿಟಿಎಸ್‌ಎಂಎ. ಸಾಲಲ್ಲಿ ಬರೋ ಕ್ರಮಾನೂ ಬೇರೆ, ಕೈಮೋಟ್ರಿಪ್ಸಿನ್ನಲ್ಲಿ ಹಿಸ್ಟಿಡಿನ್ ಮೊದ್ಲು, ಸಬ್ಟಿಲಿಸಿನ್ನಲ್ಲಿ ಆಸ್ಪಾರ್ಟೇಟ್ 32, ಹಿಸ್ಟಿಡಿನ್ 64, ಸೆರಿನ್ 221. ಎರಡೂ ಸರ ಮಡಚಿಕೊಂಡಿರೋ ರೀತಿಗೆ ಸಂಬಂಧಾನೇ ಇಲ್ಲ, ಒಂದು ಹಸುವಿನ ಹೊಟ್ಟೇದು, ಇನ್ನೊಂದು ಬ್ಯಾಕ್ಟೀರಿಯಾದ್ದು, ಬಟ್ಟೆ ಒಗೆಯೋ ಪುಡಿಗೆ ಹಾಕ್ತಾರಲ್ಲ ಅದೇ, ಆದ್ರೂ ಆ ಮೂರು ಮಾತ್ರ ಜಾಗದಲ್ಲಿ ಒಂದೇ ಥರ ಬಂದು ಕೂತಿವೆ. ಎಷ್ಟು ಸಲ ನೋಡಿದ್ರೂ ನಂಗೆ ಮೈ ಜುಮ್ಮನ್ನುತ್ತೆ. ನಿಮ್ಮ ಸೆಮಿನಾರಿನ ಜೀವ ಇದೇ ಅಲ್ವಾ, ಅದಕ್ಕೇ ಸಾಲು ಬಿಟ್ಟು ಆಕಾರದಲ್ಲೇ ಹುಡುಕಿ. ರಿಸಲ್ಟನ್ನ 30 ಪರ್ಸೆಂಟ್ ಸೀಕ್ವೆನ್ಸ್ ಹೋಲಿಕೆ ಮೇಲೆ ಗುಂಪು ಮಾಡಿ, ನೂರಾರು ಟ್ರಿಪ್ಸಿನ್ ಒಂದೊಂದು ಸಾಲಿಗೆ ಇಳಿಯುತ್ತೆ. ಆರ್‌ಎಂಎಸ್‌ಡಿ (ಎರಡು ಆಕಾರದ ಮಧ್ಯೆ ಎಷ್ಟು ವ್ಯತ್ಯಾಸ ಅನ್ನೋ ಅಳತೆ) ಮಿತಿ ಜಾಸ್ತಿ ಏರಿಸೋಕೆ ಹೋಗ್ಬೇಡಿ, ಕಸ ತುಂಬ್ಕೊಳುತ್ತೆ.

ಹಾಸನ_ಲ್ಯಾಬ್:
ಜೊತೆಗೆ ಉಲ್ಟಾನೂ ಹುಡುಕಿ, ಸಬ್ಟಿಲಿಸಿನ್ ಕೊಟ್ಟು ಕೈಮೋಟ್ರಿಪ್ಸಿನ್ ಬರುತ್ತಾ ಅಂತ. 1ಎಸ್‌ಬಿಟಿ ಸಬ್ಟಿಲಿಸಿನ್, ಒಂದೇ ಚೈನ್, 275 ಅಮೈನೋ ಆಸಿಡ್, 32, 64, 221 ಹಾಗೇ ಹಾಕ್ಬಹುದು, ಕಳೆಯೋ ಕೆಲಸ ಇಲ್ಲ.

ಮೂಡಿಗೆರೆ_ಎಂಎಸ್ಸಿ:
ಗುಂಪು ಮಾಡ್ದೆ, ಕೆಳಗೆ ಬಂದ್ರೆ ಸಬ್ಟಿಲಿಸಿನ್ ಇದೆ! ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡ್ದೆ, ಮಿಕ್ಕಿದ್ದೆಲ್ಲ ಸಿಕ್ಕು ಸಿಕ್ಕು, ಮಧ್ಯದಲ್ಲಿ ಆ ಮೂರು ಮಾತ್ರ ಸರಿಯಾಗಿ ಕೂತಿವೆ. ಕರೆಂಟ್ ಹೋಗೋಕೆ ಮುಂಚೆ ಸ್ಕ್ರೀನ್‌ಶಾಟ್ ತಗೊಂಡಿದೀನಿ, ಮೊದಲ್ನೇ ಸ್ಲೈಡಿಗೆ ಅದೇ.