ಓದುಗರ ಸ್ಪಂದನ: ‘ಈ ವಯಸ್ಸಿಗೆ ಇನ್ನೇನು ಮಾಡೋಕಾಗುತ್ತೆ’ ಅಂದ್ರಂತೆ ಡಾಕ್ಟ್ರು

ಹೋದ ಸಲದ ಸಮಸ್ಯೆ: ದಾವಣಗೆರೆ ವಿದ್ಯಾನಗರದ ಓದುಗರೊಬ್ಬರ ತಮ್ಮನಿಗೆ 26 ವರ್ಷ. ಆಟಿಸಂ (ಮಿದುಳಿನ ಬೆಳವಣಿಗೆಯಲ್ಲೇ ಇರೋ ಭಿನ್ನತೆ) ಇದೆ, ಮಾತು ಕಮ್ಮಿ. ಈಚೆಗೆ ರಾತ್ರಿ ನಿದ್ದೆ ಇಲ್ಲ, ತನ್ನ ಕೆನ್ನೆಗೆ ತಾನೇ ಹೊಡ್ಕೊಳ್ತಾನೆ. ಹೋದ ಕಡೆಯೆಲ್ಲ ‘ಇದು ಮಕ್ಕಳಲ್ಲಿ ನೋಡೋದು’ ಅಂತ ಮಾತ್ರೆ ಡೋಸ್ ಏರಿಸಿ ಕಳಿಸಿದ್ದಾರೆ. ಯಾರ ಹತ್ರ ಹೋಗ್ಲಿ ಅಂತ ಅಕ್ಕ ಕೇಳಿದ್ರು.

*

ತಂಗೀ, ಮೊದ್ಲು ಅವನ ಹಲ್ಲು, ಕಿವಿ ತೋರ್ಸಮ್ಮ, ಉಳಿದಿದ್ದು ಆಮೇಲೆ. ನನ್ನ ಮಗನಿಗೂ ಹೆಚ್ಚುಕಮ್ಮಿ ಅದೇ ವಯಸ್ಸು, ಹಿಂಗೇ ಶುರುವಾಗಿತ್ತು, ರೊಟ್ಟಿ ಅಂದ್ರೆ ಪ್ರಾಣ ಬಿಡೋನು ರೊಟ್ಟಿ ಮುಟ್ತಿರ್ಲಿಲ್ಲ, ಬರೀ ಮೊಸರನ್ನ, ಅದನ್ನೂ ಎಡಗಡೆ ದವಡೆಲೇ ಅಗಿಯೋನು, ರಾತ್ರಿ ಎರಡು ಗಂಟೆಗೆ ಎದ್ದು ಬಲಗೆನ್ನೆಗೆ ಪಟಪಟ ಹೊಡ್ಕೊಳ್ಳೋನು. ದೊಡ್ಡ ಡಾಕ್ಟ್ರು ಅಂತ ಹೋದ್ವಿ, ಫೈಲ್‌ನಲ್ಲಿ ಆಟಿಸಂ ಅಂತ ಓದಿದ್ದೇ ಸೈ, ಇದೆಲ್ಲ ಅದರದ್ದೇ ಅಮ್ಮಾ ಅಂತ ಮಾತ್ರೆ ಬರೆದ್ರು, ಒಂದೇ ಕಡೆ ಅಗೀತಾನೆ ಸಾರ್ ಅಂತ ನಾನು ಹೇಳಿದ್ದು ಕಿವಿಗೇ ಹಾಕ್ಕೊಳ್ಳಲಿಲ್ಲ. ಕೊನೆಗೆ ಚಿತ್ರದುರ್ಗದಲ್ಲಿ ಹಲ್ಲಿನ ಡಾಕ್ಟ್ರಮ್ಮ ಒಬ್ರು ಸಿಕ್ಕಿದ್ರು. ಆಟಿಸಂ ನಂಗೆ ಜಾಸ್ತಿ ಗೊತ್ತಿಲ್ಲ, ಇವನಿಗೆ ಏನು ಆಗುತ್ತೆ ಏನು ಆಗಲ್ಲ ನೀವೇ ಹೇಳಿಕೊಡಿ ಅಂದ್ರು. ಮೊದಲ ದಿನ ಬಾಯಿಗೆ ಕೈ ಹಾಕ್ಲೇ ಇಲ್ಲ, ಕುರ್ಚಿ ಮೇಲೆ ಕೂರಿಸಿ, ಬಾಯಿ ನೋಡೋ ಸಣ್ಣ ಕನ್ನಡಿನ ಅವನ ಕೈಗೇ ಕೊಟ್ಟು, ಮೆಷಿನ್ ಸೌಂಡ್ ದೂರದಿಂದ ಕೇಳಿಸಿ ಕಳಿಸಿದ್ರು. ಮುಂದಿನ ಸಲ ಸಂಜೆ ಎಲ್ಲಾರೂ ಹೋದ್ಮೇಲೆ ಕರೆಸಿ ನೋಡಿದ್ರೆ ಬಲಗಡೆ ದವಡೆ ಹಲ್ಲು ಬೇರಿನತನಕ ಹುಳುಕು, ಒಳಗೆ ಕೀವು! ಹಲ್ಲು ಕಿತ್ತ ಮೇಲೆ ಹೊಡ್ಕೊಳ್ಳೋದೂ ನಿಂತ್ತು, ರೊಟ್ಟಿನೂ ಶುರುವಾಯ್ತು. ಹಲ್ಲು ಸರಿ ಇದ್ರೆ ಮಲಬದ್ಧತೆ, ಎದೆಯುರಿ ನೋಡ್ಸು. ಫಿಟ್ಸ್ ಕೂಡ ಆಟಿಸಂ ಇರೋರಿಗೆ ವಯಸ್ಸಿಗೆ ಬಂದ ಮೇಲೂ ಶುರುವಾಗ್ಬೋದು, ರಾತ್ರಿ ಏಳ್ತಾನೆ ಅಂತೀಯಲ್ಲ, ಅದನ್ನೂ ಕೇಳು. ಮಾತ್ರೆ ಮಾತ್ರ ನೀನಾಗೇ ಒಮ್ಮೆಲೇ ನಿಲ್ಲಿಸ್ಬೇಡ.
– ಒಬ್ಬ ತಾಯಿ, ಹೊಳಲ್ಕೆರೆ

*

ಮಕ್ಕಳ ಕಾಯಿಲೆ ಅಂದೋರಿಗೆ ಇದನ್ನ ಹೇಳಿ. 1943ರಲ್ಲಿ ಅಮೆರಿಕದಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಆಟಿಸಂ ಬಗ್ಗೆ ಬರೆದಾಗ ಅದ್ರಲ್ಲಿದ್ದ ಮೊದಲನೇ ಹುಡುಗ ಡೊನಾಲ್ಡ್ ಟ್ರಿಪ್ಲೆಟ್, ಮುಂದೆ ತನ್ನೂರಿನ ಬ್ಯಾಂಕಲ್ಲೇ ಕೆಲಸ ಮಾಡ್ದ, ಕಾರ್ ಓಡಿಸ್ದ, 2023ರಲ್ಲಿ ತೀರ್ಕೊಂಡಾಗ 89 ವರ್ಷ. ಆಟಿಸಂ ಇರೋ ಮಕ್ಕಳೆಲ್ಲ ದೊಡ್ಡೋರಾಗ್ತಾರೆ ಕಣ್ರೀ, ಡಾಕ್ಟ್ರಿಗೆ ಇದು ಯಾಕೆ ಹೊಳೆಯಲ್ವೋ.
– ನಿವೃತ್ತ ಬ್ಯಾಂಕ್ ನೌಕರ, ಚಿತ್ರದುರ್ಗ

*

ನಮಸ್ಕಾರ, ನಂಗೇ ಆಟಿಸಂ ಇದೆ. ಗೊತ್ತಾಗಿದ್ದು ಮದುವೆ ಆದ್ಮೇಲೆ, ಬೆಂಗಳೂರಲ್ಲಿ. ಅದಕ್ಕೆ ಮುಂಚೆ ಇಲ್ಲಿ ಒಬ್ರು ಡಾಕ್ಟ್ರು ‘ಕಣ್ಣು ನೋಡಿ ಮಾತಾಡ್ತೀರಿ, ಕೆಲಸ ಇದೆ, ಗಂಡ ಇದಾರೆ, ನಿಮಗೆಲ್ಲಿಂದ ಆಟಿಸಂ’ ಅಂತ ನಕ್ಕು ಕಳಿಸಿದ್ರು, ನಂಗೆ ತುಂಬ ನೋವಾಯ್ತು. ಕಣ್ಣು ನೋಡೋದನ್ನ ನಾನು ಸ್ಕೂಲಲ್ಲಿ ಬೈಸ್ಕೊಂಡು ಕಲ್ತಿದ್ದು, ಹಂಗೆ ನೋಡ್ತಾ ಕೂತ್ರೆ ಎದುರಿಗಿರೋರು ಹೇಳಿದ್ದು ತಲೆಗೇ ಹೋಗಲ್ಲ. ಆಸ್ಪತ್ರೇಲಿ ಟ್ಯೂಬ್‌ಲೈಟ್ ಮಿಣಮಿಣ ಅಂತಿರುತ್ತೆ, ಫಿನಾಯಿಲ್ ವಾಸನೆ, ಟೋಕನ್ ನಂಬರ್ ಕೂಗೋದು, ಮೈಗೆ ಮೈ ತಾಗೋ ಕ್ಯೂ, ಡಾಕ್ಟ್ರ ಟೇಬಲ್ ಮುಂದೆ ಕೂರೋ ಹೊತ್ತಿಗೆ ನನ್ನ ಬಾಯಿಂದ ಮಾತೇ ಹೊರಡಲ್ಲ, ಅವ್ರು ಗಂಡನ ಕಡೆ ತಿರುಗಿ ‘ಏನಾಗುತ್ತೆ ಇವ್ರಿಗೆ’ ಅಂತಾರೆ. ಬೆಳಕು, ಸದ್ದು ತಡ್ಕೊಳ್ಳೋಕಾಗದೇ ಇರೋದು ಅವ್ರ ಪುಸ್ತಕದಲ್ಲೇ ಇದೆ, 2013ರಲ್ಲಿ ಬಂದ, ಮಾನಸಿಕ ತೊಂದರೆ ಗುರುತಿಸೋ ಅಮೆರಿಕದ ಕೈಪಿಡಿ ಡಿಎಸ್‌ಎಂ-5ರಲ್ಲಿ ಆಟಿಸಂ ಲಕ್ಷಣ ಅಂತಾನೇ ಸೇರಿಸಿದಾರೆ. ಆಟಿಸಂ ಇರೋರಿಗೆ ಬೇರೆಯವ್ರು ಅರ್ಥ ಆಗಲ್ಲ ಅಂತ ಎಲ್ಲಾರೂ ಹೇಳ್ತಾರೆ, ಆದ್ರೆ ಡೇಮಿಯನ್ ಮಿಲ್ಟನ್ ಅಂತ ಇಂಗ್ಲೆಂಡಿನ ಸಂಶೋಧಕರು, ಅವ್ರಿಗೂ ಆಟಿಸಂ ಇದೆ, ಬೇರೆಯವ್ರಿಗೂ ನಾವು ಅಷ್ಟೇ ಅರ್ಥ ಆಗಲ್ಲ ಅಂತ 2012ರಲ್ಲೇ ಬರೆದ್ರು. ಆ ದೇಶದಲ್ಲಿ ದೊಡ್ಡ ವಯಸ್ಸಿನ ಆಟಿಸಂನವರಿಗೇ ಅಂತ 2009ರಲ್ಲಿ ಕಾನೂನು ಬಂತು, 2022ರಲ್ಲಿ ಆಸ್ಪತ್ರೆ ಸಿಬ್ಬಂದಿಗೆ ಟ್ರೇನಿಂಗೂ ಕಡ್ಡಾಯ ಆಯ್ತು. ನಮ್ಮಲ್ಲಿ ಆಗೋತನಕ ಕಾಯೋಕಾಗಲ್ವಲ್ಲ, ನೀವೇ ಒಂದು ಹಾಳೇಲಿ ಬರ್ಕೊಂಡು ಹೋಗಿ: ನೋವಾದ್ರೆ ಹೆಂಗೆ ತೋರಿಸ್ತಾನೆ, ಎಲ್ಲಿ ಮುಟ್ಟಿದ್ರೆ ಆಗಲ್ಲ, ಪ್ರಶ್ನೆ ಕೇಳಿದ್ಮೇಲೆ ಎಷ್ಟು ಹೊತ್ತು ಕಾಯ್ಬೇಕು. ಡಾಕ್ಟ್ರು ನಿಮ್ಮನ್ನ ಕೇಳಿದ್ರೆ ‘ಅವನನ್ನೇ ಕೇಳಿ ಸಾರ್’ ಅನ್ನಿ. ಉತ್ತರ ಬರದಿದ್ರೂ ಕೇಳ್ಲಿ.
– ಅಕೌಂಟ್ಸ್ ಕೆಲಸದವಳು, ದಾವಣಗೆರೆ

*

ಅಕ್ಕಾರ, ಈ ವಯಸ್ಸಿಗೆ ಏನೂ ಇಲ್ಲ ಅನ್ನೋದು ಶುದ್ಧ ಸುಳ್ಳು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯದಾಗ ಆಟಿಸಂ ಐತಿ, ದೊಡ್ಡೋರಿಗೆ ಇಲ್ಲ ಅಂತ ಎಲ್ಲೂ ಬರ್ದಿಲ್ಲ. ನಮ್ಮ ದಾವಣಗೆರೆಯಾಗೇ ವಿಕಲಚೇತನರ ತಪಾಸಣೆ, ತರಬೇತಿ ಮಾಡೋ ಕೇಂದ್ರ ಸರ್ಕಾರದ ಸಿಆರ್‌ಸಿ ಐತಿ, ದೊಡ್ಡ ಹುಡುಗನ್ನ ಕರ್ಕೊಂಡು ಬರ್ತೀವಿ ಅಂತ ಮೊದ್ಲೇ ಫೋನ್ ಮಾಡಿ, ಗದ್ದಲ ಇಲ್ದ ಹೊತ್ತು ಕೇಳ್ರಿ. ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ) ಇಲ್ಲಾಂದ್ರ ಮಾಡ್ಸ್ರಿ. ಆಟಿಸಂನಂಥ ವೈಕಲ್ಯ ಇರೋರಿಗಂತ ಇರೋ ಸರ್ಕಾರಿ ಸಂಸ್ಥೆ ನ್ಯಾಷನಲ್ ಟ್ರಸ್ಟ್‌ನ ‘ನಿರಾಮಯ’ ಇನ್ಶೂರೆನ್ಸ್ 1 ಲಕ್ಷದತನಕ ಸಿಗತೈತಿ, ಓಪಿಡಿ ಖರ್ಚೂ ಅದರಾಗ ಬರತೈತಿ, ಈ ಹಲ್ಲು ಕಿವಿ ಓಡಾಟಕ್ಕ ಅದು ಬೇಕಾಗತೈತಿ. ರಾತ್ರಿ ಭಾಳ ಕಷ್ಟ ಆದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕ ಮಾಡ್ರಿ, ಕನ್ನಡದಾಗ ಮಾತಾಡ್ತಾರ. ಇನ್ನ ಬ್ಯಾಂಕಿನೋರು ಗಾರ್ಡಿಯನ್ ಸರ್ಟಿಫಿಕೇಟ್ (ಅವನ ಪರವಾಗಿ ಸಹಿ ಹಾಕೋರು ಯಾರು ಅನ್ನೋ ಪತ್ರ) ತರ್ರಿ ಅಂದ್ರ, 18 ದಾಟಿದೋರಿಗೆ ಅದನ್ನ ಕೊಡೋದು ಡಿಸಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ. ಅರ್ಜಿ ಹಾಕೋಕಿಂತ ಮುಂಚೆ ತಮ್ಮನ್ನ ಒಂದ್ಸಲ ಕೇಳ್ರಿ, ಮನೆಯೋರ ಫೋಟೋ ಮುಂದಿಟ್ಟು, ಯಾರು ಸಹಿ ಹಾಕ್ಬೇಕಪ್ಪಾ ಅಂತ.
– ವಿಶೇಷ ಶಿಕ್ಷಕ, ದಾವಣಗೆರೆ