ಮಕ್ಕಳು ಮತ್ತು ವೇಪ್ (ಇ-ಸಿಗರೇಟ್): ಡಾಕ್ಟರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮಕ್ಕಳ ಶ್ವಾಸಕೋಶ ತಜ್ಞೆ ಡಾಕ್ಟರ್ ಮೇಡಂ ರಾತ್ರಿ 9ರವರೆಗೆ ಗ್ರೂಪಲ್ಲಿ ಇರ್ತಾರೆ. ವೇಪ್ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ತಾಯಿ, ಮೈಸೂರು: ಮೇಡಂ, ಒಂಬತ್ತನೇ ಕ್ಲಾಸಿನ ಮಗನ ಬ್ಯಾಗಲ್ಲಿ ಹೈಲೈಟರ್ ಥರದ್ದೊಂದು ಸಿಕ್ತು. ಮಾವಿನಹಣ್ಣಿನ ವಾಸನೆ. ಬರೀ ಫ್ಲೇವರ್, ನಿಕೋಟಿನ್ ಇಲ್ಲ ಅಂತಾನೆ. ನಿಜವಾ?

ಡಾಕ್ಟರ್: ಮಗನಿಗೂ ಗೊತ್ತಿರಲಿಕ್ಕಿಲ್ಲ. ವೇಪ್ ಇಲ್ಲಿ ನಿಷೇಧ, ಕದ್ದು ಬರೋ ಮಾಲಿನ ಲೇಬಲ್ ನಂಬೋ ಹಾಗಿಲ್ಲ. "5%" ಅಂತಿದ್ರೆ 1 ಮಿ.ಲೀ.ಗೆ ಸುಮಾರು 50 ಮಿ.ಗ್ರಾಂ ನಿಕೋಟಿನ್; 10 ಮಿ.ಲೀ. ತುಂಬಿದ್ರೆ 500. ಒಂದು ಸಿಗರೇಟಿಂದ ಮೈಗೆ ಸೇರೋದು 1-2 ಮಿ.ಗ್ರಾಂ. ಬೆಂಜೋಯಿಕ್ ಆಮ್ಲ ಸೇರಿಸಿ ನಿಕೋಟಿನ್ ಸಾಲ್ಟ್ ಮಾಡಿರ್ತಾರೆ, ಗಂಟಲು ಉರಿಯಲ್ಲ, ಹಾಗಾಗಿ ಹೊಸದಾಗಿ ಸೇದೋ ಮಕ್ಕಳೂ ಆಳಕ್ಕೆ ಎಳೀತಾರೆ.

ತಂದೆ, ಬೆಂಗಳೂರು: ಟೆಸ್ಟ್ ಇದೆಯಾ ಮೇಡಂ?

ಡಾಕ್ಟರ್: ಮೂತ್ರದಲ್ಲಿ ಕೊಟಿನಿನ್, ಅಂದ್ರೆ ನಿಕೋಟಿನ್ ಮೈಯೊಳಗೆ ಕರಗಿ ಆಗೋ ವಸ್ತು, ನೋಡ್ತಾರೆ. ಕೊನೆಗೆ ಸೇದಿದ 3-4 ದಿನದವರೆಗೆ ಸಿಗುತ್ತೆ. ಮಗುವಿಗೆ ಹೇಳದೆ ಮಾಡಿಸಬೇಡಿ.

ಹಿರಿಯರು, ಹುಬ್ಬಳ್ಳಿ: ಸಿಗರೇಟಿಗಿಂತ 95% ಸೇಫ್ ಅಂತ ಇಂಗ್ಲೆಂಡ್ ಸರ್ಕಾರನ ಹೇಳೈತಲ್ರಿ.

ಡಾಕ್ಟರ್: 2015ರಲ್ಲಿ ಅಲ್ಲಿ ಹೇಳಿದ್ದು ಸಿಗರೇಟು ಬಿಡಲಾಗದ ದೊಡ್ಡವರನ್ನ ಮನಸ್ಸಲ್ಲಿಟ್ಟು. ಏನೂ ಸೇದದ 14ರ ಮಗುವಿಗೆ ಆ ಲೆಕ್ಕ ಹಚ್ಚಬೇಡಿ. ಅದರ ಮೆದುಳು 25ರ ತನಕ ಬೆಳೀತಿರುತ್ತೆ.

ತಾಯಿ, ಶಿವಮೊಗ್ಗ: ಮೇಡಂ, ಮಗಳಿಗೆ 16. ಎಂಟು ದಿನದಿಂದ ಜ್ವರ, ಒಣಕೆಮ್ಮು, ವಾಂತಿ, ಭೇದಿ. ಐದು ದಿನ ಆಂಟಿಬಯೋಟಿಕ್ ಆಯ್ತು, ಇಳಿದಿಲ್ಲ. ಮೆಟ್ಟಿಲು ಹತ್ತಿದ್ರೆ ಏದುಸಿರು. ಆಕ್ಸಿಮೀಟರಲ್ಲಿ 92. ಗೆಳತಿ ಕೊಟ್ಟ ವೇಪ್ ಎರಡು ತಿಂಗಳಿಂದ ಸೇದಿದಾಳಂತೆ, ಇವತ್ತು ಒಪ್ಕೊಂಡ್ಲು.

ಡಾಕ್ಟರ್: ಬೆಳಗಾಗಲಿ ಅಂತ ಕಾಯಬೇಡಿ, ಈಗಲೇ ಆಕ್ಸಿಜನ್ ಮತ್ತು ಐಸಿಯು ಇರೋ ಆಸ್ಪತ್ರೆಗೆ ಹೊರಡಿ. ಪೂರ್ತಿ ವಾಕ್ಯ ಮಾತಾಡಕ್ಕಾಗದಿದ್ರೆ, ತುಟಿ ನೀಲಿಯಾದ್ರೆ, 90ಕ್ಕಿಂತ ಇಳಿದ್ರೆ 108.

ವೇಪ್, ಅದರ ಕಾರ್ಟ್ರಿಜ್ (ಲಿಕ್ವಿಡ್ ತುಂಬಿರೋ ಡಬ್ಬಿ) ಎರಡನ್ನೂ ಕವರಲ್ಲಿ ಹಾಕಿ ಒಯ್ಯಿರಿ. ಸಿಟ್ಟಲ್ಲಿ ಬಿಸಾಡಬೇಡಿ, ಅದರಲ್ಲಿ ಏನಿತ್ತು ಅನ್ನೋದು ಮುಖ್ಯ. ಅಮೆರಿಕದಲ್ಲಿ 2019ರಲ್ಲಿ ವೇಪ್‌ನಿಂದ ಶ್ವಾಸಕೋಶ ಕೆಟ್ಟವರಲ್ಲಿ ಇದೇ ಚಿತ್ರ ಕಂಡಿತ್ತು: ಕೆಮ್ಮು, ಜ್ವರ, ಜೊತೆಗೆ ಹೊಟ್ಟೆ ಕೆಟ್ಟಿದ್ದು. 2020ರ ಫೆಬ್ರವರಿ ಹೊತ್ತಿಗೆ 2,807 ಪ್ರಕರಣ, 68 ಸಾವು. ಹೆಚ್ಚಿನವರು ಸೇದಿದ್ದು ಗಾಂಜಾ ಎಣ್ಣೆ. ಅದಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ರೋಗಿಗಳ ಶ್ವಾಸಕೋಶದ ದ್ರವದಲ್ಲೇ ಸಿಕ್ಕಿತು. ಹಾಗಾಗಿ "ಗಾಂಜಾ ಎಣ್ಣೆ ಇತ್ತಾ" ಅಂತ ಅಲ್ಲಿನ ವೈದ್ಯರು ಕೇಳೇ ಕೇಳಬೇಕು. ಆಗ ನೀವು ಹೊರಗಿರಿ ಅಮ್ಮಾ. ನಿಮ್ಮೆದುರು ಅವಳು ಹೇಳಲ್ಲ.

ಇದು ಅದೇ ಅಂತ ನಾನು ಇಲ್ಲಿಂದ ಹೇಳಲ್ಲ. ಫ್ಲೂ, ಡೆಂಗಿ, ಟೈಫಾಯ್ಡ್, ಟಿಬಿ ಎಲ್ಲ ನೋಡಬೇಕು, ಎದೆಯ ಎಕ್ಸ್‌ರೇ ಬೇಕು, ಅದರಲ್ಲಿ ಗೊತ್ತಾಗದಿದ್ರೆ ಸಿಟಿ ಸ್ಕ್ಯಾನ್. ಮನೇಲಿರೋ ಸ್ಟೀರಾಯ್ಡ್ ಮಾತ್ರೆ ಕೊಡಬೇಡಿ. ಒಳಗೆ ಟಿಬಿ ಇದ್ರೆ ಕೆದರುತ್ತೆ. ಡಿಸ್ಚಾರ್ಜ್ ಆದ 48 ಗಂಟೆಯೊಳಗೆ ಮತ್ತೆ ತೋರಿಸಿ.

ಸದಸ್ಯ, ಮಂಡ್ಯ: (ಫಾರ್ವರ್ಡ್) ತುಳಸಿ, ಬೆಲ್ಲ, ಶುಂಠಿ ಕಷಾಯ ಮೂರು ದಿನ ಕುಡಿದರೆ ಶ್ವಾಸಕೋಶ ಪೂರ್ತಿ ಶುದ್ಧ. ವೇಪ್ ಲಿಕ್ವಿಡ್ ನುಂಗಿದ ಮಗುವಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿ.

ಡಾಕ್ಟರ್: ಅಡ್ಮಿನ್, ಇದನ್ನ ಡಿಲೀಟ್ ಮಾಡಿ. ಶ್ವಾಸಕೋಶಕ್ಕೆ ಕಷಾಯ ಹೋಗಲ್ಲ. ಉಪ್ಪುನೀರಂತೂ ಮಗುವನ್ನ ಕೊಲ್ಲಬಹುದು: ರಕ್ತದಲ್ಲಿ ಸೋಡಿಯಂ ಏರುತ್ತೆ, ನಿಕೋಟಿನ್‌ನಿಂದ ಫಿಟ್ಸ್ ಬಂದಾಗ ವಾಂತಿ ಶ್ವಾಸನಾಳಕ್ಕೆ ಇಳಿಯುತ್ತೆ. ಒಂದು ಟೀ ಚಮಚ ಅಂದ್ರೆ 5 ಮಿ.ಲೀ., ಆ 5% ಲೆಕ್ಕದಲ್ಲಿ 250 ಮಿ.ಗ್ರಾಂ, 10 ಕಿಲೋ ಮಗುವಿಗೆ ಅದು ಪ್ರಾಣಾಂತಿಕ. ಬಾಯಿ ಒರೆಸಿ. ಮೈಮೇಲೆ ಬಿದ್ದಿದ್ರೆ ಬಟ್ಟೆ ಬಿಚ್ಚಿ ಸೋಪು-ನೀರಲ್ಲಿ ತೊಳೀರಿ. ಜೊಲ್ಲು, ಬೆವರು, ವಾಂತಿ ಶುರುವಾಗೋ ತನಕ ಕಾಯದೆ ಆಸ್ಪತ್ರೆಗೆ ಓಡಿ. ದಾರೀಲಿ ಏಮ್ಸ್ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಿ: 1800 116 117.

ಸದಸ್ಯ, ಮಂಡ್ಯ: ನಮ್ಮ ಹಿರಿಯರ ಔಷಧಿ ಅಂದ್ರೆ ನಿಮಗೆ ತಾತ್ಸಾರ.

ಹೈಸ್ಕೂಲ್ ಮೇಷ್ಟ್ರು, ತುಮಕೂರು: ಹಿರಿಯರ ಕಾಲದಲ್ಲಿ ವೇಪ್ ಎಲ್ಲಿತ್ತು ಸ್ವಾಮಿ? ಇ-ಸಿಗರೇಟ್ ನಿಷೇಧಿಸಿದ 2019ರ ಕಾಯ್ದೆ ಪ್ರಕಾರ ಮಾರಿದವನಿಗೆ ಮೊದಲ ಸಲ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅಂಗಡಿಯವನ ಮೇಲೆ ದೂರು ಕೊಡಿ ಅಂದ್ರೆ ಒಬ್ಬ ಪೋಷಕರೂ ಬರಲ್ಲ.

ತಂದೆ, ಬೆಂಗಳೂರು: ಶಾಲೆ ಟಾಯ್ಲೆಟ್ಟಲ್ಲಿ ಸೇದ್ತಾವೆ, ನೀವೇನ್ ಮಾಡ್ತಿದ್ರಿ?

ಮೇಷ್ಟ್ರು: ದುಡ್ಡು ಕೊಟ್ಟಿದ್ದು ಯಾರು? ಅದನ್ನ ಹೇಳಿ.

ತಂದೆ, ಬೆಂಗಳೂರು: ಮರ್ಯಾದೆಯಾಗಿ ಮಾತಾಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ತಾಯಿ, ಹಾಸನ: ಸಿಕ್ಕಿಬಿದ್ದರೆ ಶಾಲೆಯವರು ಟಿಸಿ ಕೊಟ್ಟು ಕಳಿಸಬಹುದಾ?

ಸದಸ್ಯೆ, ಉಡುಪಿ: ಸೇದಿದ್ದು ಗೊತ್ತಾಗೋ ಟೆಸ್ಟ್ ಯಾವುದು ಮೇಡಂ?

ಡಾಕ್ಟರ್: ಮೇಲೆ ಓದಿ.

ತಾಯಿ, ಮೈಸೂರು: ಬಿಡಿಸೋಕೆ ನಿಕೋಟಿನ್ ಚ್ಯೂಯಿಂಗ್ ಗಮ್ ತಂದುಕೊಡಲಾ?

ಡಾಕ್ಟರ್: 18 ಆಗದವರಿಗೆ ವೈದ್ಯರು ಬರೆದುಕೊಡದೆ ಬೇಡ. ಸಿಡುಕು, ನಿದ್ದೆಗೇಡು, ತಲೆನೋವು ಮೊದಲ ಮೂರು ದಿನ ಜೋರು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತೆ. ಆ ಮೂರು ದಿನ ಪರೀಕ್ಷೆ ಇರದ ವಾರಾಂತ್ಯಕ್ಕೆ ಬರೋ ಹಾಗೆ ಮಗನ ಜೊತೆ ಕೂತು ದಿನ ಗೊತ್ತುಮಾಡಿ. ಕ್ವಿಟ್‌ಲೈನ್ (ತಂಬಾಕು ಬಿಡಿಸೋ ಸಹಾಯವಾಣಿ) 1800 11 2356.

ಸದಸ್ಯ, ಕಲಬುರಗಿ: ಟೆಸ್ಟ್ ಎಷ್ಟು ದಿನದೊಳಗ ಮಾಡಸಬೇಕ್ರಿ?

ಡಾಕ್ಟರ್: ಮೂರು ಸಲ ಆಯ್ತು ಇದೇ ಪ್ರಶ್ನೆ. ಶಿವಮೊಗ್ಗದ ತಾಯಿ, ಎಲ್ಲಿದ್ದೀರಿ?

ತಾಯಿ, ಶಿವಮೊಗ್ಗ: ಆಟೋದಲ್ಲಿದ್ದೀವಿ ಮೇಡಂ. ಈಗ 91.

ಡಾಕ್ಟರ್: ಕೂತೇ ಇರಲಿ, ಮಲಗಿಸಬೇಡಿ. ಎಮರ್ಜೆನ್ಸಿ ಬಾಗಿಲಲ್ಲೇ "ಆಕ್ಸಿಜನ್ 91, ವೇಪ್ ಸೇದಿದಾಳೆ" ಅನ್ನಿ, ಆಮೇಲೆ ಚೀಟಿ ಮಾಡಿಸಿ. ಕಾರ್ಟ್ರಿಜ್ ತಂದಿದ್ದೀರಾ?