ಮೂರನೇ ಕಾನ್ಫರೆನ್ಸ್‌ಗೆ ಹೋಗಲೋ, ಆಫೀಸಿನಲ್ಲೇ ಯಾರನ್ನಾದರೂ ಹುಡುಕಲೋ?

ಕೇಳಿದ್ದು, ಕಾರವಾರದಿಂದ:

ನನಗೆ 26 ವರ್ಷ. ಇಲ್ಲೇ ಒಂದು ಲಾರಿ ಸಾಗಾಟದ ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಎರಡು ವರ್ಷದಲ್ಲಿ ಬೆಂಗಳೂರಿನಲ್ಲಿ ಎರಡು ಕ್ರಿಶ್ಚಿಯನ್ ಲೀಡರ್‌ಶಿಪ್ ಕಾನ್ಫರೆನ್ಸ್‌ಗೆ ಹೋಗಿ ಬಂದೆ. ಎರಡೂ ಸಲ ವಾಪಸ್ ಬರುವಾಗ ಪಂಚಗಂಗಾ ರೈಲಿನಲ್ಲಿ ರಾತ್ರಿಯಿಡೀ ನಿದ್ದೆ ಇಲ್ಲ, ಅಷ್ಟು ಹುರುಪು. ಎರಡು ನೋಟ್‌ಬುಕ್ ತುಂಬಿವೆ. ಆದರೆ ಶಿರವಾಡ ಸ್ಟೇಷನ್ನಿನಲ್ಲಿ ಇಳಿದು ಆಟೋ ಹತ್ತಿ ಮನೆಗೆ ಬಂದು, ಮರುದಿನದಿಂದ ಆಫೀಸಿಗೆ ಹೋದರೆ ನಾಲ್ಕೇ ದಿನದಲ್ಲಿ ಎಲ್ಲ ತಣ್ಣಗಾಗುತ್ತದೆ. ಈಗ ಹೈದರಾಬಾದಿನಲ್ಲಿ ಮೂರು ದಿನದ್ದು ಇದೆ. ಫೀ 6,500. ರೈಲು, ಊಟ ಬೇರೆ. ಅಮ್ಮ "ನಮ್ಮ ಇಗರ್ಜಿಯ ಫೆಸ್ತ್ (ಚರ್ಚಿನ ಹಬ್ಬ) ಸಾಲದಾ ನಿನಗೆ" ಅಂತಾರೆ.

ವೇದಿಕೆ ಮೇಲೆ ಬಂದವರೆಲ್ಲ ಹೇಳುವುದು ಒಂದೇ, ಕೆಲಸದ ಜಾಗದಲ್ಲಿ ಒಬ್ಬ ಮೆಂಟರ್, ಅಂದರೆ ಕಲಿಸಿ ದಾರಿ ತೋರಿಸುವ ಅನುಭವಸ್ಥರು, ಇರಬೇಕು ಅಂತ. ನಮ್ಮ ಆಫೀಸಿನಲ್ಲಿ ಇರುವುದೇ ಒಂಬತ್ತು ಜನ. ಕ್ರೈಸ್ತಳು ನಾನೊಬ್ಬಳೇ. ಸೀದಾ ಹೋಗಿ "ನೀವು ನನ್ನ ಮೆಂಟರ್ ಆಗ್ತೀರಾ" ಅಂದರೆ ನಗ್ತಾರೆ ಅಲ್ವಾ? ಹೋಗಿ ಬಂದವರು, ಮೆಂಟರ್ ಸಿಕ್ಕವರು, ಸಿಗದವರು, ಯಾರಾದರೂ ನಿಮ್ಮ ಅನುಭವ ಹೇಳಿ.

ಸಿರಸಿಯಿಂದ, ಆಸ್ಪತ್ರೆಯಲ್ಲಿ ನರ್ಸ್:

ದುಡ್ಡು ನಿಮ್ಮದು, ರಜೆ ನಿಮ್ಮದು, ಹೋಗಿ ಬನ್ನಿ. ಎಲ್ಲದಕ್ಕೂ ಪ್ರಯೋಜನ ಕೇಳಬೇಕಾ? ನಮ್ಮೂರಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆ ಆಗುತ್ತದೆ. ಹೋಗಿ ಬಂದವರನ್ನು "ಏನು ಕಲಿತೆ" ಅಂತ ಯಾರೂ ಕೇಳುವುದಿಲ್ಲ. ನನ್ನ ಚರ್ಚಿನಲ್ಲಿ ನನ್ನ ವಯಸ್ಸಿನವರು ಇಬ್ಬರೇ. ಸಾವಿರ ಜನರ ನಡುವೆ ನಿಂತು ಹಾಡುವುದು ವರ್ಷಕ್ಕೆ ಒಂದು ಸಲವಾದರೂ ನನಗೆ ಬೇಕು. ಅದನ್ನು ಲೀಡರ್‌ಶಿಪ್ ಅನ್ನಲಿ, ಬೇರೆ ಏನೇ ಅನ್ನಲಿ. ಒಂದೇ ಮಾತು, ತಿಂಗಳ ಕೊನೆಯಲ್ಲಿ ರಜೆ ಹಾಕಬೇಡಿ. ಅಕೌಂಟ್ಸ್‌ನವರು ನೀವು, ಹೇಳಬೇಕಾಗಿಲ್ಲ. ನಾನು ಒಮ್ಮೆ ಹಾಗೆ ಹೋಗಿದ್ದೆ. ನನ್ನ ಮೂರು ನೈಟ್ ಡ್ಯೂಟಿ ಹೊತ್ತವಳು ಆರು ತಿಂಗಳು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವಳ ಕಣ್ಣಲ್ಲಿ ನಾನೆಂಥ ಲೀಡರ್!

ಕುಮಟಾದಿಂದ, ಬ್ಯಾಂಕಿನಿಂದ ನಿವೃತ್ತ:

ತಂಗಿ, ನನ್ನ ಕಾಲಕ್ಕೆ ಕಾನ್ಫರೆನ್ಸ್ ಇರಲಿಲ್ಲ, ಯುವಜನರ ಕ್ಯಾಂಪ್ ಇತ್ತು. ಹುರುಪು ಮಾತ್ರ ಇದೇ. ಆರುವುದೂ ಹೀಗೇ. ಹಾಗಾಗಿ ನಿನ್ನ ಎರಡನೇ ಪ್ರಶ್ನೆಗಷ್ಟೇ ಹೇಳುತ್ತೇನೆ.

1988ರಲ್ಲಿ ನಾನು ಹೊನ್ನಾವರ ಕಡೆ ಒಂದು ಶಾಖೆಯಲ್ಲಿ ಕ್ಲರ್ಕ್ ಆಗಿ ಸೇರಿದೆ. ಅಲ್ಲಿ ಒಬ್ಬ ಹೆಡ್ ಕ್ಯಾಶಿಯರ್ ಇದ್ದರು. ಬಾಯಲ್ಲಿ ಯಾವಾಗಲೂ ಕವಳ. ಮಾತು ಕಡಿಮೆ, ಮಾತಾಡಬೇಕಾದರೆ ಎದ್ದು ಹೋಗಿ ಉಗುಳಿ ಬರಬೇಕಲ್ಲ! ಸೇರಿ ಎರಡನೇ ವಾರ ನನ್ನ ಕೌಂಟರಿನಲ್ಲಿ 100 ರೂಪಾಯಿ ಕಡಿಮೆ ಬಂತು. ಆಗ ಅದು ಸಣ್ಣ ದುಡ್ಡಲ್ಲ. ನಾನು ನೋಟು ಎಣಿಸಿದೆ, ಮತ್ತೆ ಎಣಿಸಿದೆ, ಮೂರನೇ ಸಲ ಎಣಿಸುವಾಗ ಕೈ ನಡುಗುತ್ತಿತ್ತು. ಬಾಗಿಲು ಹಾಕುವ ಹೊತ್ತಾಗಿತ್ತು. ಅವರು ಹೊರಟು ಚಪ್ಪಲಿ ಮೆಟ್ಟಿದವರು ತಿರುಗಿ ಬಂದರು. ಬೈಯಲಿಲ್ಲ. ಜೇಬಿನಿಂದ ನೂರು ತೆಗೆದು ಕೊಡಲೂ ಇಲ್ಲ. ಪಕ್ಕದಲ್ಲಿ ಸ್ಟೂಲ್ ಎಳೆದು ಕೂತು, "ನೋಟು ಬಿಡು, ಚೀಟಿ ತೆಗಿ" ಅಂದರು. ಒಂದೊಂದೇ ಚೀಟಿ ನಾನು ಓದಬೇಕು, ಅವರು ಪುಸ್ತಕದಲ್ಲಿ ಬೆರಳಿಡುತ್ತಾರೆ. ನಲವತ್ತನೆಯದೋ ಏನೋ, ಬೆರಳು ನಿಂತಿತು. ಚೀಟಿಯಲ್ಲಿ 610. ನಾನು ಬರೆದದ್ದು 510.

ನನಗೆ ಅಳು ಬಂದಿತ್ತು. ಅವರು ಮಾತ್ರ ಎದ್ದು ಮತ್ತೆ ಚಪ್ಪಲಿ ಮೆಟ್ಟುತ್ತ, "ನಾಳೆ ಮ್ಯಾನೇಜರಿಗೆ ನೀನೇ ಹೇಳು. ನಾನು ಹೇಳಿದರೆ ಚಾಡಿ ಆಗ್ತದೆ" ಅಂದರು. ಅಷ್ಟೇ.

ನಾಲ್ಕು ವರ್ಷ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಮೆಂಟರ್ ಅನ್ನುವ ಪದ ಅವರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮನೆಯಲ್ಲಿ ದಿನಾ ಪೂಜೆ ಮಾಡಿ ಬರುವವರು, ಹಣೆಯಲ್ಲಿ ಗಂಧ. ನನ್ನ ಜನ ಅಲ್ಲ ಅಂತ ನನಗೆ ಒಂದು ದಿನವೂ ಅನಿಸಲಿಲ್ಲ.

ನೀನು ಸತ್ಯವೇದ ಓದುವವಳು. ವಿಮೋಚನಕಾಂಡ 18 ಮತ್ತೆ ತೆಗೆದು ನೋಡು. ಇಸ್ರಾಯೇಲರ ನಾಯಕ ಮೋಶೆ ಬೆಳಿಗ್ಗೆಯಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುತ್ತಾನೆ. ಅದನ್ನು ನೋಡಿ, ನೀನು ಮಾಡುವುದು ಸರಿಯಲ್ಲ, ಸೋತುಹೋಗ್ತೀ, ಸಾವಿರ, ನೂರು, ಐವತ್ತು, ಹತ್ತು ಜನಕ್ಕೆ ಒಬ್ಬೊಬ್ಬರನ್ನು ಇಡು ಅಂತ ಹೇಳಿದವನು ಯಾರು? ಮಾವ ಇತ್ರೋನ. ಅವನು ಮಿದ್ಯಾನಿನ ಯಾಜಕ, ಇಸ್ರಾಯೇಲಿನವನೇ ಅಲ್ಲ. ನನಗೆ ಅದರಲ್ಲಿ ಜಾಸ್ತಿ ಇಷ್ಟವಾದದ್ದು ಏನು ಗೊತ್ತಾ? ಅವನು ಮೊದಲು ಒಂದು ದಿನ ಸುಮ್ನೆ ನೋಡಿದ. ಆಮೇಲೆ ಹೇಳಿದ. ಆಮೇಲೆ ತನ್ನೂರಿಗೆ ಹೋದ. ಒಂಬತ್ತು ಜನರಲ್ಲಿ ಕ್ರೈಸ್ತರು ಯಾರು ಅಂತ ಹುಡುಕಬೇಡ. ನೀನು ಕೆಲಸ ಮಾಡುವುದನ್ನು ನೋಡುವವರು ಯಾರು ಅಂತ ನೋಡು.

ಹೊನ್ನಾವರದಿಂದ:

ನಾನು ಇನ್ನೊಂದು ಬದಿಯವನು. ಇಂಥದ್ದೇ ಒಂದು ಕಾನ್ಫರೆನ್ಸ್ ಮಂಗಳೂರು ಕಡೆ ನಡೆಯುತ್ತದೆ, ನಾಲ್ಕು ವರ್ಷ ಅದರ ರಿಜಿಸ್ಟ್ರೇಷನ್ ಟೇಬಲ್‌ನಲ್ಲಿ ಕೂತಿದ್ದೇನೆ. ಕುತ್ತಿಗೆಗೆ ಹಾಕುವ ಪಟ್ಟಿ, ಬ್ಯಾಗ್, ಪೆನ್ನು ಹಂಚುವುದು ನನ್ನ ಕೆಲಸ. ಅಲ್ಲಿಂದ ನೋಡಿದ ಎರಡು ಮೂರು ವಿಷಯ ಹೇಳಿಬಿಡುತ್ತೇನೆ.

ವರ್ಷಾ ವರ್ಷಾ ಅದೇ ಮುಖಗಳು ಬರುತ್ತವೆ. ಮೊದಲ ಸಾಲಿನಲ್ಲಿ ಕೂತು ಪೂರ್ತಿ ಬರೆದುಕೊಳ್ಳುವವರು ಮುಂದಿನ ವರ್ಷ ಹೊಸ ನೋಟ್‌ಬುಕ್ ತರುತ್ತಾರೆ. ಟೀ ಸಾಲಿನಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಂಡು "ನಿಮ್ಮಲ್ಲಿ ಸಂಬಳ ತಡ ಆದರೆ ಏನು ಮಾಡ್ತೀರಿ" ಅಂತ ಮಾತಾಡುವವರಿಗೇ ಏನಾದರೂ ಸಿಗುವುದು. ಹಾಗಾಗಿ ಹೈದರಾಬಾದಿನ ಕಾರ್ಯಕ್ರಮ ಪಟ್ಟಿ ತರಿಸಿ ನೋಡಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಬರೀ ಭಾಷಣ ಇದ್ದರೆ ಮನೆಯಲ್ಲೇ ಕೂತು ಕೇಳಬಹುದು. ಟೇಬಲ್ ಹಾಕಿ ಆರೆಂಟು ಜನ ಮಾತಾಡುವ ಹೊತ್ತು ಇದ್ದರೆ ಹೋಗಿ. ವಾಲಂಟಿಯರ್ ಆದವರಿಗೆ ಫೀ ಇದೆಯಾ ಅಂತ ಒಮ್ಮೆ ಕೇಳಿ. ನಮ್ಮಲ್ಲಿ ಇಲ್ಲ.

ಇನ್ನೊಂದು, ವೇದಿಕೆ ಮೇಲೆ ಇರುವವರನ್ನು ಎತ್ತರದಲ್ಲಿ ಕೂರಿಸಬೇಡಿ. ಇವತ್ತು ಲೋಕದ ತುಂಬ ನಡೆಯುವ ಗ್ಲೋಬಲ್ ಲೀಡರ್‌ಶಿಪ್ ಸಮಿಟ್ ಎಂಬ ಕ್ರೈಸ್ತ ಸಮಾವೇಶ ಶುರುವಾದದ್ದು 1995ರಲ್ಲಿ, ಶಿಕಾಗೋ ಹತ್ತಿರದ ವಿಲೋ ಕ್ರೀಕ್ ಚರ್ಚಿನಲ್ಲಿ. ಅಲ್ಲಿ ಮಾತಾಡಿದ್ದನ್ನೇ ವಿಡಿಯೋದಲ್ಲಿ ಬೇರೆ ಬೇರೆ ದೇಶಗಳಲ್ಲಿ ತೋರಿಸುತ್ತಾರೆ. ಆ ಚರ್ಚ್ ಕಟ್ಟಿದ ಬಿಲ್ ಹೈಬೆಲ್ಸ್ 2018ರಲ್ಲಿ ಹೆಂಗಸರು ದೂರು ಹೇಳಿದ ಮೇಲೆ ಹುದ್ದೆ ಬಿಡಬೇಕಾಯಿತು. ಆ ಸುದ್ದಿ ಬಂದ ದಿನ ನಮ್ಮ ತಂಡದ ಒಬ್ಬ ಹುಡುಗ ಊಟ ಮಾಡಲಿಲ್ಲ. ಆ ಮನುಷ್ಯನನ್ನು ಅವನು ನೋಡಿದ್ದು ಪರದೆ ಮೇಲೆ ಮಾತ್ರ!

ಆಮೇಲೆ ಈ 'ಸೇವಕ ನಾಯಕ' ಅನ್ನುವ ಮಾತು ಎಲ್ಲ ವೇದಿಕೆಯಲ್ಲೂ ಬರುತ್ತದಲ್ಲ, ಯೇಸು ಶಿಷ್ಯರ ಕಾಲು ತೊಳೆದದ್ದು ಯೋಹಾನ 13ರಲ್ಲಿದೆ, ಸರಿ. ಆದರೆ ಮ್ಯಾನೇಜರುಗಳ ಬಾಯಿಗೆ ಆ ಪದ ಬಂದದ್ದು 1970ರಲ್ಲಿ ರಾಬರ್ಟ್ ಗ್ರೀನ್‌ಲೀಫ್ ಬರೆದ ಮೇಲೆ. ಅವರು ಪಾಸ್ಟರ್ ಅಲ್ಲ. ಎಟಿ ಅಂಡ್ ಟಿ ಎಂಬ ಫೋನ್ ಕಂಪನಿಯಲ್ಲಿ ಹತ್ತಾರು ವರ್ಷ ದುಡಿದು ರಿಟೈರ್ ಆದವರು. ಆ ವಿಚಾರ ಹುಟ್ಟಿದ್ದೂ ಆಫೀಸಿನಲ್ಲಿ ದುಡಿದವರಿಂದಲೇ.

ಅಂಕೋಲಾದಿಂದ:

ನನಗೆ ಮೆಂಟರ್ ಸಿಕ್ಕಿದ್ದು ಕಾನ್ಫರೆನ್ಸ್‌ನಲ್ಲೇ. ಅದೇ ಎಡವಟ್ಟಾಯಿತು. ಹೆಸರು ಬೇಡ. ಮೊದಲು ವಾರಕ್ಕೊಂದು ಫೋನ್, ಪ್ರಾರ್ಥನೆ. ಬಹಳ ಚೆನ್ನಾಗಿತ್ತು, ನನ್ನ ಅಪ್ಪನೂ ನನ್ನ ಮಾತು ಅಷ್ಟು ತಾಳ್ಮೆಯಿಂದ ಕೇಳಿದವರಲ್ಲ. ಆಮೇಲೆ 15,000 ರೂಪಾಯಿಯ ಒಂದು ಕೋರ್ಸ್. ಆಮೇಲೆ ಶನಿವಾರ ಭಾನುವಾರ ಅವರ ಆಫೀಸಿನ ಕೆಲಸ, ಸೇವೆ ಅಂತ, ಸಂಬಳ ಇಲ್ಲ. ಕೊನೆಗೆ "ನೀನು ಕೆಲಸ ಬಿಡಬೇಕು ಅಂತ ದೇವರು ನನಗೆ ತಿಳಿಸಿದ್ದಾರೆ" ಅಂದರು. ನಾನು ಬಿಟ್ಟೆ, ಮಾರಾಯ್ರೆ! ನಾಲ್ಕು ತಿಂಗಳು ಮನೆಯಲ್ಲಿ ಕೂತೆ. ಬೈಕಿನ ಕಂತು ಅಕ್ಕ ಕಟ್ಟಿದಳು.

ಈಗ ನಾನು ನೋಡುವುದು ಇಷ್ಟೇ. ಅವರು ದುಡ್ಡು ಕೇಳ್ತಾರಾ? ನಮ್ಮಿಬ್ಬರ ಮಾತು ಮನೆಯಲ್ಲಿ ಹೇಳಬೇಡ ಅಂತಾರಾ? ನಾನು 'ಇಲ್ಲ' ಅಂದ ಮೇಲೂ ಮೊದಲಿನ ಹಾಗೇ ಮಾತಾಡ್ತಾರಾ? ಮೂರನೆಯದು ಬೇಗ ಗೊತ್ತಾಗುತ್ತದೆ. ಒಂದು ಸಲ ಸಣ್ಣದಕ್ಕೆ ಇಲ್ಲ ಅಂದು ನೋಡಿ.

ಮಲ್ಲಾಪುರದಿಂದ, ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆ ಕೆಲಸ:

ಮೆಂಟರ್ ಪದವೇ ಬೇಡ. ಆ ಪದ ಕೇಳಿದರೆ ಯಾರಿಗಾದರೂ ಗಾಬರಿಯಾಗುತ್ತದೆ, ಏನೋ ದೊಡ್ಡ ಜವಾಬ್ದಾರಿ ತಲೆಗೆ ಕಟ್ಟುತ್ತಿದ್ದಾಳೆ ಅಂತ. ಒಂದು ಸಣ್ಣ ಕೆಲಸ ಹಿಡಿದು ಕೇಳಿ. "ಸರ್, ಈ ಲೆಕ್ಕಕ್ಕೆ ನನಗೆ ಎರಡು ದಿನ ಜಾಸ್ತಿ ಹಿಡಿಯುತ್ತದೆ. ನೀವು ಮಾಡುವಾಗ ಪಕ್ಕದಲ್ಲಿ ಕೂತು ನೋಡಬಹುದಾ?" ಇದಕ್ಕೆ ಇಲ್ಲ ಅನ್ನುವವರು ಕಡಿಮೆ.

ಕೈಗಾದ ಒಂದನೇ ಘಟಕ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ನಿಲ್ಲದೆ ಓಡಿತು. ಆಗ ಅದು ಜಗತ್ತಿನ ದಾಖಲೆ. ಊರಲ್ಲೆಲ್ಲ ಅದೇ ಮಾತು. ಆದರೆ ಅಷ್ಟು ದಿನ ಓಡಿಸಿದ್ದು ಒಬ್ಬ ಲೀಡರ್ ಅಲ್ಲ. ಒಂದು ಶಿಫ್ಟಿನವರು ಇನ್ನೊಂದು ಶಿಫ್ಟಿನವರಿಗೆ ಏನಾಯಿತು, ಏನು ಬಾಕಿ ಅಂತ ಬರೆದು, ಬಾಯಲ್ಲೂ ಹೇಳಿ ಒಪ್ಪಿಸುತ್ತಾ ಹೋದದ್ದು. ನಾನು ಕಲಿತದ್ದೂ ಹಾಗೇ.

ಒಂದು ಬುದ್ಧಿಮಾತು, ಬೇಸರ ಬೇಡ. ಕಾನ್ಫರೆನ್ಸ್‌ನಿಂದ ಬಂದ ಬಿಸಿಯಲ್ಲಿ ಆಫೀಸಿನವರಿಗೆಲ್ಲ ದಿನಾ ಬೆಳಿಗ್ಗೆ ಬೈಬಲ್ ವಚನ ಕಳಿಸಬೇಡಿ. ನಾನು ಕಳಿಸಿದ್ದೆ. ಯಾರೂ ಏನೂ ಅನ್ನಲಿಲ್ಲ, ಆದರೆ ಊಟಕ್ಕೆ ಕರೆಯುವುದು ನಿಲ್ಲಿಸಿದರು. ನಾನು ಕಳಿಸುವುದು ನಿಲ್ಲಿಸಿದ ಎರಡು ವಾರಕ್ಕೆ ಮತ್ತೆ ಬಂಗಡೆ ಸಾರಿನ ಡಬ್ಬಿ ನನ್ನ ಕಡೆ ಬಂತು.

ಹಳಿಯಾಳದಿಂದ, ಟೀಚರ್:

ಹುರುಪು ಆರುವುದಕ್ಕೆ ನನಗೆ ಕಂಡ ಕಾರಣ, ಅಲ್ಲಿ ಸಾವಿರ ಜನ, ಇಲ್ಲಿ ಒಬ್ಬರೇ. ನಡುವೆ ಐದು ಜನ ಬೇಕು.

ಲಂಡನ್ನಿನಲ್ಲಿ 1844ರಲ್ಲಿ ಜಾರ್ಜ್ ವಿಲಿಯಮ್ಸ್ ಅಂತ ಬಟ್ಟೆ ಅಂಗಡಿಯ ಕೆಲಸದ ಹುಡುಗ, ಇಪ್ಪತ್ತೆರಡು ವರ್ಷ, ತನ್ನಂಥವರನ್ನು ಹನ್ನೊಂದು ಜನ ಸೇರಿಸಿಕೊಂಡು ಶುರು ಮಾಡಿದ್ದು ವೈಎಂಸಿಎ, ಅಂದರೆ ಕ್ರೈಸ್ತ ಯುವಕರ ಸಂಘ. ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಎಂಬ ಫಾದರ್ 1925ರಲ್ಲಿ ಕಾರ್ಖಾನೆಯ ಹುಡುಗ ಹುಡುಗಿಯರ ಸಂಘ ಕಟ್ಟಿದರು. ಅವರ ಕ್ರಮ ಬಹಳ ಸುಲಭ: ನೋಡು, ತೂಗಿ ನೋಡು, ಮಾಡು. ನಾವೂ ಅದನ್ನೇ ಮಾಡುತ್ತೇವೆ. ಭಾನುವಾರ ಪೂಜೆ ಮುಗಿದ ಮೇಲೆ ಐದು ಜನ, ಒಂದು ಗಂಟೆ, ಒಬ್ಬರು ತಮ್ಮ ಕೆಲಸದ ಒಂದು ವಿಷಯ ತರಬೇಕು. ಪಾಠ ಇಲ್ಲ, ಭಾಷಣ ಇಲ್ಲ.

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ತಂದ ವಿಷಯ ಇದು. ಅವನು ಕೆಲಸ ಮಾಡುವ ಕಡೆ ರೈತರ ಮೆಕ್ಕೆಜೋಳ ತೂಗುವಾಗ ಚೀಲಕ್ಕೆ ಅರ್ಧ ಕಿಲೋ ಸುಮ್ಮನೆ ಕಳೆಯುತ್ತಾರೆ. ಬರೆಯುವವನು ಇವನು. ಅವತ್ತು ಒಂದು ಗಂಟೆ ಸಾಲಲಿಲ್ಲ, ಮೂರು ಗಂಟೆ ಕೂತೆವು. ಕೆಲಸ ಬಿಡು ಅಂತ ಯಾರೂ ಹೇಳಲಿಲ್ಲ, ಅವನ ಮನೆ ನಡೆಯುವುದು ಅದರಲ್ಲೇ. ಕಡೆಗೆ ಅವನೇ ಒಂದು ದಾರಿ ಹುಡುಕಿದ. ತೂಗಿದ ಲೆಕ್ಕವನ್ನೂ ಕಳೆದ ಲೆಕ್ಕವನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದು ಚೀಟಿಯನ್ನು ರೈತನ ಕೈಗೆ ಕೊಡುವುದು. ಮಾಲೀಕರು ಒಂದು ವಾರ ಮುಖ ಊದಿಸಿಕೊಂಡಿದ್ದರಂತೆ. ಆಮೇಲೆ ಕಳೆಯುವುದು ಕಾಲು ಕಿಲೋಗೆ ಇಳಿಯಿತು. ಪೂರ್ತಿ ನಿಂತಿಲ್ಲ. ಅವನು ಆ ವಿಷಯ ಇನ್ನೂ ತರುತ್ತಾನೆ.

ಕೇಳಿದವಳು, ಹತ್ತು ದಿನದ ನಂತರ:

ಎಲ್ಲರಿಗೂ ಥ್ಯಾಂಕ್ಸ್. ಅಂಕೋಲಾದ ಅಣ್ಣನ ಮಾತು ಓದಿ ನಾನೂ ಒಬ್ಬರಿಗೆ ಸಣ್ಣದಕ್ಕೆ ಇಲ್ಲ ಅಂದೆ. ಏನಾಯಿತು ಅಂತ ಇನ್ನೊಮ್ಮೆ ಹೇಳುತ್ತೇನೆ.

ಹೈದರಾಬಾದ್ ಇನ್ನೂ ತೀರ್ಮಾನ ಮಾಡಿಲ್ಲ. ಕಾರ್ಯಕ್ರಮ ಪಟ್ಟಿ ಕೇಳಿ ಬರೆದಿದ್ದೇನೆ, ಉತ್ತರ ಬಂದಿಲ್ಲ. ಆದರೆ ನಮ್ಮ ಸೀನಿಯರ್ ಅಕೌಂಟೆಂಟ್ ಹತ್ತಿರ, ಮಲ್ಲಾಪುರದವರು ಹೇಳಿಕೊಟ್ಟ ಹಾಗೇ, ಡೀಸೆಲ್ ಲೆಕ್ಕ ಮಾಡುವಾಗ ಪಕ್ಕದಲ್ಲಿ ಕೂರಬಹುದಾ ಅಂತ ಕೇಳಿದೆ. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, "ಅಡ್ಡಿಲ್ಲ, ಕುರ್ಚಿ ನೀನೇ ತಾ" ಅಂದರು.

ಇಷ್ಟು ದಿನ ನಾನು ಬಂಕಿನ ಚೀಟಿಗಳನ್ನು ತಾರೀಕಿನ ಪ್ರಕಾರ ಜೋಡಿಸಿ ಸೀದಾ ಕಂಪ್ಯೂಟರಿಗೆ ಹಾಕುತ್ತಿದ್ದೆ. ಅವರು ಮೊದಲು ಲಾರಿ ನಂಬರ್ ಪ್ರಕಾರ ಬೇರೆ ಮಾಡಿ, ರಬ್ಬರ್ ಬ್ಯಾಂಡ್ ಹಾಕಿ, ಒಂದೊಂದು ಕಟ್ಟನ್ನೂ ಬೆರಳಲ್ಲಿ ಸರ್ರನೆ ಆಡಿಸುತ್ತಾರೆ. ಒಂದು ಕಟ್ಟು ದಪ್ಪ ಇತ್ತು. "ಈ ಗಾಡಿ ಹೋದ ವಾರ ಗ್ಯಾರೇಜಿನಲ್ಲಿತ್ತು. ಡೀಸೆಲ್ ಕುಡಿದವರು ಯಾರು?" ಅಂತ ನನ್ನನ್ನೇ ಕೇಳಿದರು. ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿಲ್ಲ. ನಾಳೆ ಎಂಟೂವರೆಗೇ ಬಾ ಅಂದಿದ್ದಾರೆ, ಡ್ರೈವರ್‌ಗಳು ಹೊರಡುವ ಮೊದಲು ಇಬ್ಬರೂ ಹೋಗಿ ಕೇಳಬೇಕಂತೆ.